ನಿಂಬೆವ್ವನ ಮೋಟಾರು ಮತ್ತು ಬೆಳೆಯುವ ಗುಡ್ಡ

ಬಹಳ ಬಹಳ ಹಿಂದೆ, ಹೊನ್ನಕೇರಿ ಎಂಬ ರಾಜ್ಯದ ನಟ್ಟನಡುವೆ ಒಂದು ಗುಡ್ಡ ಬೆಳೆಯುತ್ತಿತ್ತು. ಗುಡ್ಡ ಎಲ್ಲಾದರೂ ಬೆಳೆಯುತ್ತದೆಯೇ ಎಂದು ಕೇಳಬೇಡಿ. ಅದು ಬೆಳೆಯುತ್ತಿತ್ತು, ಅಷ್ಟೆ. ಅದರ ನೆತ್ತಿಯ ಮೇಲೆ ಧೂಮಕೇಶಿ ಎಂಬ ಮಾಂತ್ರಿಕ ಕಾಲು ಚಾಚಿಕೊಂಡು ಕೂತಿದ್ದ. ಬೆಳಗ್ಗೆ ಹತ್ತಲು ಹೊರಟವರು ಸಂಜೆಗೆ ಅರ್ಧ ಗುಡ್ಡ ಹತ್ತುತ್ತಿದ್ದರು. ಮರುದಿನ ಎದ್ದು ನೋಡಿದರೆ ಹತ್ತಬೇಕಾದದ್ದು ಮೊದಲಿನಷ್ಟೇ ಉಳಿದಿರುತ್ತಿತ್ತು. ಕುದುರೆಗಳು ಸೋತವು, ಆನೆಗಳು ಸೋತವು, ರಾಜ ಕೂಡ ಸೋತು ಅರಮನೆಯಲ್ಲಿ ಸುಮ್ಮನೆ ಕೂತ.

ಗುಡ್ಡದ ಈಚೆ ನಿಂಬೆವ್ವ ಎಂಬ ಹುಡುಗಿ ಇದ್ದಳು. ಅವಳ ಅಕ್ಕ ಸಾತವ್ವನನ್ನು ಆಚೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಮದುವೆಯಾದ ತಿಂಗಳಿಗೇ ಗುಡ್ಡ ಎದ್ದಿತು. ಆಗ ನಿಂಬೆವ್ವನಿಗೆ ಹನ್ನೆರಡು ವರ್ಷ, ಈಗ ಇಪ್ಪತ್ತಮೂರು. ಇಷ್ಟೂ ವರ್ಷ ಅಕ್ಕನಿಂದ ಒಂದು ಮಾತಿಲ್ಲ, ಒಂದು ಕಾಗದವಿಲ್ಲ. ತಾಯಿಯಿಲ್ಲದ ಅವಳಿಗೆ ಜಡೆ ಹೆಣೆದವಳು, ತುತ್ತು ಕೊಟ್ಟವಳು ಅಕ್ಕನೇ. ನಿಂಬೆವ್ವ ಅವಳಿಗಾಗಿ ಹಂಬಲಿಸಿ ಹಂಬಲಿಸಿ ಸವೆದಿದ್ದಳು.

ಅವಳ ಅಪ್ಪ ಬದುಕಿದ್ದಾಗ ಅರಮನೆಯ ಟಪಾಲು ಹೊರುತ್ತಿದ್ದ. ಅದಕ್ಕೆ ರಾಜ್ಯಕ್ಕೆಲ್ಲ ಒಂದೇ ಒಂದು ಮೋಟಾರು ಸೈಕಲ್ಲು ಇತ್ತು. ಗುಡ್ಡ ಎದ್ದ ವರ್ಷ ಅಪ್ಪ ಅದನ್ನು ಏರಿಸಲು ಹೋದಾಗ ಎಂಜಿನ್ನಿನ ದಮ್ಮು ಹೋಯಿತು. ಅಂದಿನಿಂದ ಅದು ಪಡಸಾಲೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ರಿಪೇರಿ ಬಲ್ಲ ಮಿಸ್ತ್ರಿ ಗುಡ್ಡದ ಆಚೆಯವನು. ಏನು ಮಾಡುವುದು?

"ನಾನೇ ಮಾಡ್ತೀನಿ" ಎಂದಳು ನಿಂಬೆವ್ವ. ಅಪ್ಪ ಕೆಲಸ ಮಾಡುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅಡುಗೆಮನೆಯಲ್ಲಿ ಹಳೇ ಸೀರೆ ಹಾಸಿ, ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಬಿಚ್ಚಿ ತಂದಿಟ್ಟಳು. ಒಳಗೆಲ್ಲ ಮಸಿ. ಉಸಿರು ಒಳಗೆ ಬಿಡುವ ಒಂದು ವಾಲ್ವ್, ಹೊರಗೆ ಬಿಡುವ ಒಂದು ವಾಲ್ವ್, ಎರಡೂ ಸುಟ್ಟು ಒರಟಾಗಿದ್ದವು. ಬಾಗಿಲು ಸರಿಯಾಗಿ ಮುಚ್ಚದ ಮನೆಯಲ್ಲಿ ಬೆಚ್ಚಗಿರಲು ಆದೀತೇ? ದಮ್ಮು ಸೋರಿಹೋಗಿತ್ತು.

ಧೂಮಕೇಶಿಗೆ ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಅವನು ಒಂದು ಮಾಯಾಕಾಗೆಯನ್ನು ಕಳಿಸಿದ. ನಿಂಬೆವ್ವ ಸ್ಪ್ರಿಂಗ್ ಒತ್ತಿ ಹಿಡಿದು, ವಾಲ್ವನ್ನು ಹಿಡಿದಿಡುವ ಕಾಳಿನಷ್ಟು ಚಿಕ್ಕ ಲಾಕ್ ತೆಗೆಯುತ್ತಿದ್ದಂತೆ ಅದು ಚಿಮ್ಮಿತು. ಕಾಗೆ ಅದನ್ನು ಕೊಕ್ಕಿನಲ್ಲಿ ಹಿಡಿಯಿತು.

"ಕೊಡು" ಎಂದಳು ನಿಂಬೆವ್ವ.

"ಅಕ್ಕನ್ನ ನೆನಸಿ ಒಂದು ನಿಟ್ಟುಸಿರು ಬಿಡು, ಕೊಡ್ತೀನಿ" ಎಂದಿತು ಕಾಗೆ.

ಅದೇನು ದೊಡ್ಡ ಮಾತು? ಆ ರಾಜ್ಯದಲ್ಲಿ ಅದೊಂದು ರೂಢಿಯೇ ಆಗಿತ್ತು. ದಿನಾ ದೀಪ ಹಚ್ಚಿದ ಮೇಲೆ ಎಲ್ಲರೂ ಹೊಸ್ತಿಲಲ್ಲಿ ನಿಂತು, ಗುಡ್ಡಕ್ಕೆ ಮುಖ ಮಾಡಿ, ಆಚೆಯವರನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದರು. ಆಚೆಯವರೂ ಹಾಗೇ ಮಾಡುತ್ತಿದ್ದರು. ನಿಟ್ಟುಸಿರು ಅವರಿಗೆ ಮುಟ್ಟುತ್ತದೆ ಎಂದು ನಂಬಿಕೆ. ನಿಂಬೆವ್ವ ಕಿಟಕಿಯತ್ತ ತಿರುಗಿ ಒಂದು ನಿಟ್ಟುಸಿರು ಬಿಟ್ಟಳು. ಹಾಡಹಗಲಲ್ಲಿ, ಅವಳ ಕಣ್ಣೆದುರಿಗೇ, ಗುಡ್ಡ ಒಂದು ಗೇಣು ಮೇಲೆದ್ದಿತು.

ಕಾಗೆ ಲಾಕನ್ನು ಬಿಸಾಕಿ ನಗುತ್ತ ಹಾರಿಹೋಯಿತು. ಹನ್ನೊಂದು ವರ್ಷ ಮುಸ್ಸಂಜೆಯ ಕತ್ತಲಲ್ಲಿ ಯಾರಿಗೂ ಕಾಣದ್ದು ಅವಳಿಗೆ ಈಗ ಕಂಡಿತ್ತು. ಗುಡ್ಡ ಬೆಳೆಸಿದವರು ನಿಟ್ಟುಸಿರು ಬಿಟ್ಟವರೇ. ನಿಟ್ಟುಸಿರು ಉಂಡು ಮಾಂತ್ರಿಕ ಕೊಬ್ಬಿದ್ದ. ಬೀದಿಗೆ ಓಡಿ ಹೇಳಿದಳು. "ನೆನಪೂ ಬ್ಯಾಡ ಅಂತೀಯೇನು?" ಎಂದು ಜನ ಅವಳನ್ನೇ ಬೈದರು.

ಇನ್ನು ಈ ಮೋಟಾರೊಂದೇ ದಾರಿ. ಒರಟು ಸವೆದು ನುಣುಪಾಗಲೆಂದು ನಿಂಬೆವ್ವ ವಾಲ್ವಿಗೆ ಮರಳಿನಂಥ ಪೇಸ್ಟು ಹಚ್ಚಿ, ಕೋಲಿನ ತುದಿಗೆ ಸಿಕ್ಕಿಸಿ, ಮಜ್ಜಿಗೆ ಕಡೆಯುವ ಹಾಗೆ ಎರಡೂ ಅಂಗೈಯಲ್ಲಿ ತಿರುಗಿಸತೊಡಗಿದಳು. ಆಗ ಮಾಂತ್ರಿಕ ಒಂದು ಮಾಯಾಗೊರವಂಕವನ್ನು ಕಳಿಸಿದ. ಅದು ಕಿಟಕಿಯಲ್ಲಿ ಕೂತು ಸಾತವ್ವನ ದನಿಯಲ್ಲಿ ಕರೆಯಿತು.

"ನಿಂಬೀ, ಉಂಡಿಯೇನ? ಬಾ, ಜಡಿ ಹಾಕ್ತೀನಿ."

ನಿಟ್ಟುಸಿರು ಗಂಟಲಿಗೆ ಬಂದು ನಿಂತಿತು. ನಿಂಬೆವ್ವ ಅದನ್ನು ನುಂಗಿದಳು. ಅದು ಸುಳ್ಳೆಂದು ಗೊತ್ತಿತ್ತು. ಆದರೂ ಹಕ್ಕಿಯನ್ನು ಓಡಿಸಲು ಮನಸ್ಸು ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಕೇಳಿದ ಅಕ್ಕನ ದನಿ ಅದೊಂದೇ.

"ಇನ್ನೊಂದು ಸಲ ಕರಿ" ಎಂದಳು.

ಮೂರು ದಿನ ಹಕ್ಕಿ ಕರೆಯಿತು, ಮೂರು ದಿನ ಅವಳು ಕೋಲು ತಿರುಗಿಸಿದಳು. ಮೊದಲ ದಿನ ಹೆಡ್ಡಿಗೆ ಸೀಮೆಎಣ್ಣೆ ಹೊಯ್ದು ನೋಡಿದರೆ ಸೋರಿತು. ಎರಡನೇ ದಿನ ಜಿನುಗಿತು. ಮೂರನೇ ದಿನ ಒಂದು ಹನಿಯೂ ಬೀಳಲಿಲ್ಲ. ಕರೆದೂ ಕರೆದೂ ದನಿ ಸತ್ತ ಹಕ್ಕಿ ಹಾರಿಹೋಯಿತು.

ನಾಲ್ಕನೆಯ ದಿನ ನಿಂಬೆವ್ವ ಸಂದಿಯಲ್ಲಿ ದಮ್ಮು ಸೋರದಂತೆ ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿದಳು. ನಾಲ್ಕು ನಟ್ಟು. ಒಂದನ್ನೇ ಪೂರ್ತಿ ಬಿಗಿದರೆ ಹೆಡ್ ವಾರೆಯಾಗುತ್ತದೆ. ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅವಳು ಪಾನಾ ಹಿಡಿದು ಕೂತಿದ್ದಾಗ ಧೂಮಕೇಶಿ ತಾನೇ ಮುದುಕಿಯ ವೇಷದಲ್ಲಿ ಬಂದ.

"ಆಚಿಂದ ಬಂದೀನವ್ವ. ನಿಮ್ಮಕ್ಕ ತೀರಿಕೊಂಡು ಮೂರು ತಿಂಗಳಾತು. ಇನ್ನ ಯಾರ ಸಲುವಾಗಿ ಇದನ್ನ ಬಿಗಿತಿ?"

ಪಾನಾ ನಿಂತಿತು. ನಿಂಬೆವ್ವನ ಎದೆ ಒಡೆದುಹೋಯಿತು. ಕಣ್ಣೀರು ಧಾರಾಕಾರವಾಗಿ ಇಳಿಯಿತು. ಆದರೆ ನಿಟ್ಟುಸಿರು ಮಾತ್ರ ಅವಳು ಬಿಡಲಿಲ್ಲ. ಸೆರಗಿನಿಂದ ಹೆಡ್ ಒರೆಸಿ, ಎದುರಿನ ನಟ್ಟಿಗೆ ಪಾನಾ ಹಾಕಿದಳು.

"ಅಕ್ಕ ಇದ್ರ ಅಕ್ಕನ್ನ ನೋಡ್ತೀನಿ. ಇಲ್ಲಂದ್ರ ಆಕಿ ಕುಂತೇಳ್ತಿದ್ದ ಕಟ್ಟೀನರ ನೋಡಿ ಬರ್ತೀನಿ. ಆ ಕಡೆ ಸರಿ, ಬೆಳಕು ಬಿಡು."

ಮುದುಕಿ ಹಲ್ಲು ಕಡಿದು ಹೊಗೆಯಾಗಿ ಹೋದಳು.

ಮೋಟಾರು ಒಂದೇ ಒದೆತಕ್ಕೆ ಎದ್ದಿತು. ನಿಂಬೆವ್ವ ಗುಡ್ಡ ಏರಿದಳು. ಅರ್ಧ ಏರುವಷ್ಟರಲ್ಲಿ ಹೊತ್ತು ಮುಳುಗಿತು. ಮೇಲೆ ಧೂಮಕೇಶಿ ಹೊಟ್ಟೆ ಸವರಿಕೊಂಡು ಊಟಕ್ಕೆ ಕಾದಿದ್ದ. ಈಚೆಯವರು, ಆಚೆಯವರು, ಎಲ್ಲರೂ ದೀಪ ಹಚ್ಚಿ, ಹೊಸ್ತಿಲಲ್ಲಿ ನಿಂತು, ಉಸಿರು ಎಳೆದುಕೊಂಡರು.

ಅಷ್ಟರಲ್ಲಿ ಡಗ ಡಗ ಡಗ ಎಂಬ ಸದ್ದು ಕೇಳಿತು.

ಎಳೆದ ಉಸಿರು ಹಾಗೇ ನಿಂತಿತು. "ಮೋಟಾರ! ಟಪಾಲಿನ ಮೋಟಾರ!" ಎಂದು ಯಾರೋ ಕೂಗಿದರು. ಮುದುಕರು ಕೇಕೆ ಹಾಕಿದರು, ಹೆಂಗಸರು ಬಿದ್ದುಬಿದ್ದು ನಕ್ಕರು. ಆ ಸಂಜೆ ನಿಟ್ಟುಸಿರು ಬಿಡುವುದು ಒಬ್ಬರಿಗೂ ನೆನಪಾಗಲಿಲ್ಲ. ಧೂಮಕೇಶಿ ಹಸಿವಿನಿಂದ ಸೊರಗಿದ, ಕುಗ್ಗಿದ, ನಿಂಬೆವ್ವ ನೆತ್ತಿ ಮುಟ್ಟುವ ಹೊತ್ತಿಗೆ ಹಿಡಿ ಬೂದಿಯಾಗಿ ಹಾರಿಹೋದ. ಗುಡ್ಡ ಅವಳ ಚಕ್ರದಡಿಯಲ್ಲೇ ಹಿಟ್ಟಿನ ರಾಶಿಯಂತೆ ಕುಸಿದು ನೆಲವಾಯಿತು. ಮುಂದೆ ಒಂದು ಮನೆ ಇತ್ತು. ಬಾಗಿಲಲ್ಲಿ ಅರ್ಧ ತಲೆ ನೆರೆತ ಹೆಂಗಸೊಬ್ಬಳು ದೀಪ ಹಿಡಿದು ನಿಂತಿದ್ದಳು.

"ಯಾರವ್ವಾ ನೀನು?" ಎಂದಳು.

ಅದೇ ದನಿ. ನಿಂಬೆವ್ವ ಮೋಟಾರಿನಿಂದ ಇಳಿದಳು.

"ಅಕ್ಕಾ, ನಾನು ನಿಂಬಿ."

ಸಾತವ್ವ ದೀಪವನ್ನು ಎತ್ತಿ ಅವಳ ಮುಖ ನೋಡಿದಳು, ಮಸಿ ಹಿಡಿದ ಎರಡೂ ಕೈ ನೋಡಿದಳು. ಮತ್ತೆ ಮುಖ ನೋಡಿದಳು.

"ಎಷ್ಟು ದೊಡ್ಡಾಕಿ ಆಗೀಯ" ಎಂದಳು. "ನನ್ನ ಬಿಟ್ಟು ದೊಡ್ಡಾಕಿ ಆದ್ಯಲ್ಲ ನಿಂಬೀ."

ಆಮೇಲೆ ಎರಡೂ ಕಡೆಯವರು ಹೋಗಿ ಬಂದು, ಕೊಟ್ಟು ತಂದು, ವಾರಕ್ಕೊಂದು ಸಲ ಜಗಳವಾಡಿಕೊಂಡು ಬಹಳ ಸುಖವಾಗಿದ್ದರು. ಕಳೆದ ಹನ್ನೊಂದು ವರ್ಷವನ್ನು ಮಾತ್ರ ಯಾರಿಂದಲೂ ತಂದುಕೊಡಲು ಆಗಲಿಲ್ಲ. ಅದಕ್ಕೇ ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರಂತೆ, ನಿಧಾನವಾಗಿ.