ಬೈಕಿನಡಿಯ ಕೆಂಡ

ಮಂಗೋಲಿಯದ ನಮ್ಮ ಬಯಲಿನಲ್ಲಿ ಚಳಿಗಾಲಕ್ಕೆ ಎಂಜಿನ್ನಿನ ಎಣ್ಣೆಯೂ ಗಟ್ಟಿಯಾಗುತ್ತದೆ. ಎಂಜಿನ್ನಿನ ಕೆಳಗೆ ಬೆರಣಿಯ ಕೆಂಡ ಇಟ್ಟು ಕಾಯಿಸದೆ ಬೈಕು ಮಿಸುಕುವುದಿಲ್ಲ. ಮಾವ ದಂಬಾ ತೀರಿಕೊಂಡ ಮೇಲೆ, ದಿನಾ ಅವರೇ ಮಾಡುತ್ತಿದ್ದ ಆ ಕೆಲಸ ನನ್ನದು.

ಅಂದು ಬೆಳಗಾಗುವಾಗ ಮಗಳು ಸೊಲೊಂಗೊ ಜ್ವರದಲ್ಲಿ ಬೇಯುತ್ತಿದ್ದಳು. ಡಾಕ್ಟರನ್ನು ಕರೆತರಲೇಬೇಕೆಂದು ಬಾಣಲೆಯಲ್ಲಿ ಕೆಂಡ ಹಿಡಿದು ಗುಡಾರದಿಂದ ಹೊರಬಂದೆ. ಬೈಕಿನಡಿ ಆಗಲೇ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಸುತ್ತಲಿನ ಹಿಮದಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲ.

“ಅತ್ತೆ, ನೀವಿಟ್ರಾ?”

“ಈ ಮಂಡಿನೋವಲ್ಲಿ ನಾನೆಲ್ಲಿ ಏಳ್ಲಿ? ಮುಟ್ಬೇಡ, ಒಳಗ್ ಬಾರೇ!”

“ಯಾರಾದ್ರೂ ಇಟ್ಟಿರ್ಲಿ, ಬೈಕ್ ಬಿಸಿಯಾಗಿದೆ!” ಎಂದು ಕಿಕ್ ಹೊಡೆದೆ. ಒಂದೇ ಏಟಿಗೆ ಹೊರಟಿತು.

ಸಂಜೆ ಡಾಕ್ಟರೊಂದಿಗೆ ಮರಳಿದಾಗ ಅತ್ತೆ ಬಾಗಿಲಲ್ಲೇ ಕುಸಿದು ಕೂತಿದ್ದರು, ಕೈಯಲ್ಲಿ ಖಾಲಿ ಬಕೆಟ್ಟು.

“ಕೆಂಡದ ಮೇಲೆ ಮೂರು ಸಲ ಹಿಮ ಸುರಿದೆ ಕಣೇ.”

ಕೆಂಡ ಇನ್ನೂ ಕೆಂಪಗಿತ್ತು. ಇದೇನೂ ತಿಳಿಯದ ಡಾಕ್ಟರು ಆ ಕೆಂಡಕ್ಕೇ ಕೈ ಕಾಯಿಸಿಕೊಂಡು, ಒಳಗೆ ಹೋಗಿ ಸೊಲೊಂಗೊಳ ಹಣೆ ಮುಟ್ಟಿದರು.