ಬಂಗಾರಿಗೆ ಒಂದು ಹಳೇ ವೇಲು

"ನಿಮ್ದೊಂದು ಅಳೇ ವೇಲ್ ಕೊಡ್ತೀರಾ?"

ಡೈರಿ ಮುಂದೆ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದವರೆಲ್ಲ ಒಮ್ಮೆಗೇ ಮಾತು ನಿಲ್ಲಿಸಿದರು.

ನವ್ಯಳ ಕೆನ್ನೆ ಕೆಂಪೇರಿತು. ಕೇಳಿದವನು ಹಾಲು ಅಳೆಯುವ ಕೆಲಸಕ್ಕೆ ಬಂದು ಇನ್ನೂ ಎರಡು ದಿನವಾಗಿಲ್ಲ. ಹೆಸರು ಮುನೇಶ್ ಅನ್ನುವುದು ಬಿಟ್ಟರೆ ಇವನ್ಯಾರೋ ತಾನ್ಯಾರೋ... ಊರವರ ಎದುರಿಗೆ ವೇಲು ಕೇಳ್ತಾನಾ!

"ಏನಂದ್ರೀ? ಅಕ್ಕತಂಗೀರ ಜೊತೆ ಉಟ್ಟಿಲ್ವಾ ನೀವು?"

"ಅಯ್ಯೋ, ನಂಗಲ್ಲ ರೀ... ನಿಮ್ ಅಸೂಗೆ..."

"ನಮ್ ಅಸ ವೇಲ್ ಆಕೊಳಲ್ಲ!"

ಸಾಲಿನವರು ಗೊಳ್ಳೆಂದು ನಕ್ಕರು. ನವ್ಯ ಖಾಲಿ ಕ್ಯಾನು ಎತ್ತಿಕೊಂಡು ಹಿಂತಿರುಗಿ ನೋಡದೆ ನಡೆದಳು.

ಪಾಪ, ಸಿಟ್ಟೆಲ್ಲ ಅವನ ಮೇಲಿನದೇ ಅಲ್ಲ. ಬೆಳಿಗ್ಗೆ ಏಳುವಾಗಲೇ ಹುಡುಗಿಯ ಮನಸ್ಸು ಕೆಟ್ಟಿತ್ತು.

ಮನೆಯವರು ಇನ್ನು ಹತ್ತು ದಿನಕ್ಕೆ ಚೆನ್ನೈಗೆ ಹೊರಡುವವರಿದ್ದರು. ಪೆರಂಬೂರಿನ ದೊಡ್ಡಮ್ಮನ ಮನೆಯಲ್ಲಿ ಬರೋಬ್ಬರಿ ಒಂದು ವಾರ! ಹಳೇ ಕ್ಯಾಲೆಂಡರಿನ ಹಿಂದೆ ಏಳೂ ದಿನದ ಪಟ್ಟಿ ಬರೆದವಳು ನವ್ಯಳೇ. ಅಪ್ಪ ಅಶ್ವತ್ಥಪ್ಪನಿಗೆ ಸಮುದ್ರ ನೋಡಬೇಕು. ಅಮ್ಮ ಗಂಗರತ್ನಮ್ಮನಿಗೆ ಮೈಲಾಪುರದ ದೇವಸ್ಥಾನ, ಆಮೇಲೆ ಸೀರೆ ಅಂಗಡಿ. ಮೀಸೆ ಬಂದ ಅಣ್ಣ ಗೋಪಿಗೆ ಇನ್ನೂ ವಂಡಲೂರು ಮೃಗಾಲಯದ ಹುಲಿಯ ಹುಚ್ಚು. ಕೊನೆಗೆ ಹೋಗುವವರ ಹೆಸರು ಬರೆಯುವಾಗ ಅವಳ ಪೆನ್ನು ಮೂರಕ್ಕೇ ನಿಂತಿತು.

"ಬಂಗಾರಿ ನಿನ್ ಬಿಟ್ರೆ ಯಾರ್ಗೂ ಆಲ್ ಕೊಡಲ್ವಲ್ಲಮ್ಮ... ಮುಂದಿನ್ ಸಲ ನೀನೂ ಬರೋವಂತೆ," ಅಂದಿದ್ದಳು ಅಮ್ಮ.

ಬಂಗಾರಿ ಆ ಮನೆಯ ಹಸು. ಗೋಪಿ ಕೂತರೆ ಒದೆಯುತ್ತದೆ, ಅಪ್ಪ ಕೂತರೆ ಬಕೆಟ್ಟನ್ನೇ ಉರುಳಿಸುತ್ತದೆ. ಅಮ್ಮನಿಗೆ ಮಂಡಿ ಮಡಚಲು ಆಗದು.

ಮುಂದಿನ ಸಲ! ತಿರುಪತಿಗೆ ಹೋದಾಗಲೂ ಇದೇ ಮಾತು. ಇಪ್ಪತ್ನಾಲ್ಕು ವರ್ಷವಾದರೂ ನವ್ಯ ಸಮುದ್ರ ಕಂಡದ್ದು ಫೋನಿನಲ್ಲಿ ಮಾತ್ರ. ನನಗೂ ಆಸೆಯಿದೆ ಎಂದುಬಿಟ್ಟರೆ ಅಮ್ಮ ಹೊರಡುವುದನ್ನೇ ಬಿಡುತ್ತಾಳೆ ಎಂದು ಬಾಯಿ ಕಟ್ಟಿಕೊಂಡಿದ್ದಳು.

ಸಂಜೆ ಮನೆ ಮುಂದೆ ಬೈಕು ನಿಂತಿತು. ಇಳಿದವನು ಅದೇ ಮುನೇಶ್!

"ನಾನೇ ಕರ್ಸಿದ್ದು ಕಣೇ," ಎಂದಳು ಅಮ್ಮ. "ಒಂದ್ವಾರ ಆಲ್ ಕರ್ಯೋರ್ ಬೇಕು ಅಂತ ಡೈರೀಲಿ ಏಳಿದ್ದೆ. ನಿನ್ ಬಿಟ್ಟು ಓಗೋಕೆ ನಂಗೇನ್ ಕುಸೀನಾ?"

ಮುನೇಶ್ ಅಂಗಳದಲ್ಲೇ ನಿಂತು ತಲೆ ಕೆರೆದುಕೊಂಡ.

"ನಮ್ದು ಕೆಜಿಎಫ್ ಅತ್ರ ಚಾಂಪಿಯನ್ ರೀಫ್ಸ್. ತಾತ ಗಣಿ ಕೆಲ್ಸಕ್ ಓಗ್ತಿದ್ರು, ಅಜ್ಜಿ ಗಣಿಯೋರ್ ಕೊಟ್ಟಿದ್ದ ಲೈನ್ ಮನೆ ಇಂದೆ ಅಸ ಸಾಕಿದ್ರು. ಒಂದ್ಸಲ ಅಜ್ಜಿ ಆಸ್ಪತ್ರೆ ಸೇರ್ದಾಗ ಅಸ ಯಾರ್ನೂ ಅತ್ರಕ್ಕೇ ಬಿಡ್ಲಿಲ್ವಂತೆ. ತಾತ ಅಜ್ಜಿ ಸೀರೆ ಒದ್ಕೊಂಡು ಕೂತ್ರು. ಆ ವಾಸ್ನೆಗೆ ಆಲ್ ಬಿಡ್ತು. ಅದಕ್ಕೇ ಬೆಳಗ್ಗೆ ವೇಲ್..."

ನವ್ಯಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಳಗೆ ಓಡಿ, ದಿನವೂ ಕೊಟ್ಟಿಗೆಗೆ ಹೊದ್ದು ಹೋಗುವ ಹಳದಿ ವೇಲನ್ನು ತಂದು, ಮುಖ ಬೇರೆ ಕಡೆ ತಿರುಗಿಸಿ ಕೈ ಚಾಚಿದಳು.

"ತಪ್ಪು ತಿಳ್ಕೊಂಡೆ... ಬೇಜಾರ್ ಮಾಡ್ಕೊಬೇಡಿ."

"ಬೇಜಾರೇನಿಲ್ಲ. ಅಸ ವೇಲ್ ಆಕೊಳಲ್ಲ ಅಂದ್ರಲ್ಲ, ಅದ್ಕೆ ನಂಗೂ ನಗು ಬಂತು."

ಅಂದಿನಿಂದ ಎರಡು ಹೊತ್ತೂ ಬಂದು, ವೇಲು ಕೇಳಿ ಪಡೆದು, ಹೊದ್ದು ಕೂತ. ಮೊದಲ ದಿನ ಬಂಗಾರಿ ಮೂಸಿ ನೋಡಿ, ಅನುಮಾನಪಟ್ಟು, ಒಂದು ಒದೆ ಕೊಟ್ಟಿತು. ಎರಡನೆಯ ದಿನ ಅರ್ಧ ಬಕೆಟ್ ಹಾಲು. ಆಮೇಲೆ ತಕರಾರೇ ಇಲ್ಲ.

"ವೇಲ್ ಒದ್ಕೊಂಡ್ರೆ ಒಳ್ಳೆ ಮದುಮಗಳ ಥರ ಕಾಣ್ತೀರಾ," ಎಂದು ನವ್ಯ ಛೇಡಿಸಿದಳು.

"ಒಪ್ಕೊಂಡಿರೋದು ಬಂಗಾರಿ ಒಬ್ಳೇ," ಅಂದ ಅವನು.

ಆ ಮಾತು ರಾತ್ರಿಯಿಡೀ ಅವಳ ಕಿವಿಯಲ್ಲೇ ಇತ್ತು! ಪಟ್ಟಿಗೆ ನಾಲ್ಕನೆಯ ಹೆಸರು ಸೇರಿತು. ಆದರೆ ಹೊರಡುವ ದಿನ ಹತ್ತಿರವಾದಂತೆ, ಸಮುದ್ರದ ಖುಷಿಯ ಜೊತೆಗೆ ಏನೋ ಒಂದು ಸಂಕಟ. ಏಳು ದಿನ ಆ ಬೈಕಿನ ಸದ್ದು ಕೇಳದೆ ಹೇಗಿರುವುದು? ಇವನಿಗೆ ಹಾಗೇನಾದರೂ ಅನ್ನಿಸುತ್ತದೆಯೇ... ಇಲ್ಲ, ಬಂದದ್ದು ಹಸುವಿಗಾಗಿ ತಾನೇ?

ಹೊರಡುವ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗುವ ಆಟೋ ಬಾಗಿಲಿಗೆ ಬಂದಿತ್ತು. ನವ್ಯ ವೇಲಿಗಾಗಿ ಗೂಟ ನೋಡಿದಳು. ಗೂಟ ಖಾಲಿ!

"ಅಮ್ಮಾ, ಅಳದಿ ವೇಲ್ ಎಲ್ಲಿ?"

"ಊರಿಗೋಗೋ ಮುಂಚೆ ಅಳೇ ಬಟ್ಟೆ ಎಲ್ಲಾ ಸೋಪ್ ಪುಡೀಲಿ ನೆನೆಸಿ ಒಗ್ದಾಕ್ದೆ ಕಣೇ. ತಂತಿ ಮೇಲೈತೆ ನೋಡು."

ಸೋಪ್ ಪುಡಿ! ವಾಸನೆಯೇ ಹೋದ ಮೇಲೆ ಬಂಗಾರಿ ಅವನನ್ನು ಹತ್ತಿರ ಸೇರಿಸುತ್ತದೆಯೇ? ನವ್ಯಳ ಮೈಮೇಲಿದ್ದದ್ದೂ ಪೆಟ್ಟಿಗೆಯಿಂದ ತೆಗೆದ ಹೊಸ ಚೂಡಿದಾರ; ಅದರ ವೇಲಿಗೆ ಇನ್ನೂ ಅವಳ ವಾಸನೆ ಹತ್ತಿರಲಿಲ್ಲ.

ಕ್ಯಾಲೆಂಡರಿನ ಹಾಳೆ ತೆಗೆದು ತನ್ನ ಹೆಸರಿನ ಮೇಲೆ ಗೀಟು ಎಳೆದಳು. ಕಣ್ಣು ತುಂಬಿ ಬಂತು.

"ನೀವ್ ಒರಡಿ ಅಮ್ಮ. ನಾನಿಲ್ಲೇ ಇರ್ತೀನಿ."

ಅಮ್ಮ ಏನೋ ಹೇಳುವಷ್ಟರಲ್ಲಿ ಕೊಟ್ಟಿಗೆಗೆ ಓಡಿದಳು. ಅಲ್ಲಿ... ಬಾಗಿಲಲ್ಲೇ ನಿಂತುಬಿಟ್ಟಳು.

ಮುನೇಶ್ ಆಗಲೇ ಕೂತಿದ್ದ. ಹೆಗಲ ಮೇಲೆ ವೇಲಿರಲಿಲ್ಲ. ಬಂಗಾರಿ ನಿರಾಳವಾಗಿ ಮೆಲುಕು ಹಾಕುತ್ತಿತ್ತು. ಬಕೆಟ್ಟಿನಲ್ಲಿ ನೊರೆ ಅಂಚಿನವರೆಗೂ ಏರಿತ್ತು.

"ವೇಲಿಲ್ದೇ ಆಲ್ ಬಿಡ್ತಾ?!"

"ಬಂಗಾರಿಗೆ ಮೂರ್ನೇ ದಿನಕ್ಕೇ ವೇಲ್ ಬೇಡವಾಗಿತ್ತು ರೀ."

"ಮತ್ತೆ ದಿನಾ ಯಾಕ್ ಕೇಳಿ ಇಸ್ಕೊಂತಿದ್ರಿ?"

ಅವನು ತಲೆ ಎತ್ತಲಿಲ್ಲ. ಹಾಲಿನ ಧಾರೆಯೊಂದು ಗುರಿ ತಪ್ಪಿ ನೆಲಕ್ಕೆ ಬಿತ್ತು.

"ಬಂಗಾರಿಗೆ ಬೇಡವಾಗಿತ್ತು ಅಂದೆ... ನಂಗೆ ಬೇಡವಾಗಿತ್ತು ಅಂದ್ನಾ?"

ಹೊರಗೆ ಆಟೋ ಹಾರ್ನ್ ಮಾಡಿತು. "ಲೇ ನವ್ಯಾ, ರೈಲ್ ಓಗ್ಬಿಡ್ತದೆ! ಬತ್ತೀಯೋ ಇಲ್ವೋ?" ಎಂದು ಗೋಪಿ ಕೂಗಿದ.

"ಬಂದೇ!" ಎಂದಳು ನವ್ಯ. ಆದರೆ ಕಾಲು ಕದಲಲಿಲ್ಲ.

"ನಿಮ್ ತಾತ... ಅಜ್ಜಿ ವಾಸಿಯಾಗಿ ಬಂದ್ಮೇಲೆ ಆ ಸೀರೆ ವಾಪಸ್ ಕೊಟ್ರಾ?"

"ಎಲ್ಲಿ ಕೊಟ್ರು? ಇವತ್ತಿಗೂ ಅದನ್ನೇ ಒದ್ಕೊಂಡು ಮಲಗ್ತಾರೆ."

ನವ್ಯ ಹೊರಗೆ ಹೋಗಿ ತಂತಿಯ ಮೇಲಿನ ಹಳದಿ ವೇಲನ್ನು ಎಳೆದುಕೊಂಡು ಬಂದಳು. ಇನ್ನೂ ಒದ್ದೆಯಾಗಿತ್ತು. ಅದನ್ನು ಅವನ ಹೆಗಲ ಮೇಲೆ ಹಾಕಿದಳು.

"ಒಣಗಿಸಿ ಇಟ್ಕೊಳಿ."

ಮುನೇಶ್ ಈಗ ತಲೆ ಎತ್ತಿದ. ಅವನ ಕಣ್ಣೂ ಒದ್ದೆಯಾಗಿತ್ತು.

"ವಾಪಸ್ ಯಾವಾಗ್ ಕೊಡ್ಲಿ?"

ಅವಳು ಆಟೋ ಕಡೆಗೆ ಓಡುತ್ತಾ ಅಂಗಳದಿಂದಲೇ ತಿರುಗಿ ನಕ್ಕಳು.

"ನಿಮ್ ತಾತನ್ನೇ ಕೇಳಿ!"