ಊಟಕ್ಕೆ ಕರೆದರೆ ನಿಲ್ಲುವ ಆಟ

ಇದಕ್ಕೆ ಸಾಕ್ಷಿ ನಮ್ಮಕ್ಕ ಒಬ್ಬಳೇ. ಅವಳೋ, ಈ ಮಾತೆತ್ತಿದರೆ ಎದ್ದು ಹೋಗುತ್ತಾಳೆ.

ನನ್ನ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತು, ತೆಗೆದೇ ಹಾಕಿದ್ದೆ. ಆಪರೇಟಿಂಗ್ ಸಿಸ್ಟಮ್ಮು, ಚಿಕ್ಕಂದಿನಲ್ಲಿ ಆಡುತ್ತಿದ್ದ ವಿಡಿಯೋ ಗೇಮುಗಳು, ಎಲ್ಲವೂ ಒಂದು ಪೆನ್ ಡ್ರೈವಿನಲ್ಲಿದ್ದವು. ಅದನ್ನು ಸಿಕ್ಕಿಸಿದರೆ ಆಟ, ಇಲ್ಲದಿದ್ದರೆ ಬರೀ ಕಪ್ಪು ಪರದೆ.

ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬಂದಾಗಲೆಲ್ಲ ಜಾಯ್‌ಸ್ಟಿಕ್ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಕೈಬಿಟ್ಟಂತೆ. ನಾನು ಸುತ್ತಿಟ್ಟ ವೈರು ಬಿಚ್ಚಿರುತ್ತಿತ್ತು. ಮನೆಯಲ್ಲಿರುವವರು ನಾವಿಬ್ಬರೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಕ್ಕ ಕದ್ದು ಆಡುತ್ತಿದ್ದಾಳೆ ಅಂದುಕೊಂಡೆ. ಕೇಳಿದರೆ ನನ್ನ ಮೇಲೇ ತಿರುಗಿಬಿದ್ದಳು.

“ನಿನ್ನ ಆಟದ ಗೊಡವೆ ನನಗ್ಯಾಕೋ? ನೀನೇ ಕೆಲಸಕ್ಕೆ ಚಕ್ಕರ್ ಹಾಕಿ ರೂಮಲ್ಲಿ ಕೂತಿರ್ತೀಯ. ಊಟಕ್ಕೆ ಕರೆದ್ರೆ ಆಟ ನಿಲ್ಲಿಸ್ತೀಯ, ಆಚೆಗೆ ಮಾತ್ರ ಬರಲ್ಲ.”

ಸುಳ್ಳಿಗೂ ಒಂದು ಮಿತಿ ಬೇಡವೇ ಅನ್ನಿಸಿತು. ಮಾರನೇ ದಿನ ಕಂಪ್ಯೂಟರ್ ಆರಿಸಿ, ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡೇ ಹೋದೆ. ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದೆ. ನನ್ನ ರೂಮಿನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಆಟದ ಸಂಗೀತ ಕೇಳಿಸುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ನಿಂತು ತಟ್ಟೆಗೆ ಬಡಿಸುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ರೂಮಿನ ಕಡೆಗೆ ದನಿ ಎತ್ತರಿಸಿದಳು.

“ಬಾರೋ ಊಟಕ್ಕೆ, ಆರಿಹೋಗುತ್ತೆ.”

ಸಂಗೀತ ನಿಂತಿತು. ತಟ್ಟೆ ಹಿಡಿದು ತಿರುಗಿದ ಅಕ್ಕ, ಹಿಂದೆಯೇ ನಿಂತಿದ್ದ ನನ್ನನ್ನು ನೋಡಿದಳು. ನಾನು ಜೇಬು ಮುಟ್ಟಿ ನೋಡಿಕೊಂಡೆ. ಪೆನ್ ಡ್ರೈವ್ ಅಲ್ಲೇ ಇತ್ತು.

ಆಗ ರೂಮಿನೊಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು.